ಮನೆಯವರು ಕಾಯ್ದುಕೊಂಡ ಕಡತ

ಕೊಲೆಗೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಬರೀ ದಂಡ ಬೀಳುವ ಅಪರಾಧವಾದರೆ ಆರು ತಿಂಗಳು, ಒಂದು ವರ್ಷದವರೆಗೆ ಜೈಲಾಗುವಂಥದ್ದಾದರೆ ಒಂದು ವರ್ಷ, ಮೂರು ವರ್ಷದವರೆಗಿನದಾದರೆ ಮೂರು ವರ್ಷ. ಅಷ್ಟರೊಳಗೆ ದೂರು ದಾಖಲಾಗದಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಅಪರಾಧಕ್ಕೆ ಗಡುವಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಮು ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮೂ ಅದನ್ನೇ ಹೇಳುತ್ತದೆ. ಐವತ್ತು ವರ್ಷದ ಹಿಂದೆ ಕೊಂದವನನ್ನು ಇವತ್ತು ಕಟಕಟೆಗೆ ತಂದು ನಿಲ್ಲಿಸಲು ಕಾನೂನಿನ ಅಡ್ಡಿಯಿಲ್ಲ.

ಕಾನೂನು ಮರೆಯದಿದ್ದರೂ ಅದನ್ನು ನಡೆಸುವವರು ಮರೆಯುತ್ತಾರೆ. ತನಿಖಾಧಿಕಾರಿಗೆ ವರ್ಗವಾಗುತ್ತದೆ, ಮುಂದೆ ನಿವೃತ್ತಿಯೂ ಆಗುತ್ತದೆ. ಮಹಜರಿಗೆ ರುಜು ಹಾಕಿದ ಪಂಚರು ತೀರಿಕೊಳ್ಳುತ್ತಾರೆ. ಮುದ್ದೆಮಾಲು ಠಾಣೆಯ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತದೆ. ಆರೋಪಿ ಪತ್ತೆಯಾಗಲಿಲ್ಲವೆಂದು ಪೊಲೀಸರು ನ್ಯಾಯಾಲಯಕ್ಕೆ ‘ಸಿ ರಿಪೋರ್ಟ್’ ಹಾಕುತ್ತಾರೆ. ಎಷ್ಟೋ ಸಾವುಗಳು ಅಲ್ಲಿಯವರೆಗೂ ಬರುವುದಿಲ್ಲ. ಕಾಲು ಜಾರಿ ಬಾವಿಗೆ ಬಿದ್ದದ್ದು, ಹೊಟ್ಟೆನೋವು ತಾಳಲಾರದೆ ನೇಣು ಹಾಕಿಕೊಂಡದ್ದು ಎಂದು ಯುಡಿಆರ್‌ನಲ್ಲೇ, ಅಂದರೆ ಅಸಹಜ ಸಾವಿನ ವರದಿಯಲ್ಲೇ, ಮುಗಿದುಹೋಗುತ್ತವೆ. ಆಮೇಲೆ ಆ ಸಾವನ್ನು ನೆನಪಿಟ್ಟುಕೊಳ್ಳಲು ಉಳಿಯುವುದು ಒಂದು ಮನೆ ಮಾತ್ರ.

ಆ ಮನೆಯ ಮಗಳೋ ಅಳಿಯನೋ ಮೊಮ್ಮಗನೋ ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ತಾವೇ ಹುಡುಕಾಟಕ್ಕೆ ಇಳಿದರೆ ಏನಾಗುತ್ತದೆ? ಹಾಗೆ ಇಳಿದವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಅವರ ಕಥೆಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು: ಕೊಲೆಗಾರನನ್ನು ತಾವೇ ಹಿಡಿದುಕೊಟ್ಟ ಮನೆಯವರು ಬಹಳ ಕಡಿಮೆ, ಆದರೆ ಕಡತ ಸಾಯದಂತೆ ಕಾಯ್ದವರ ಪ್ರಯತ್ನ ತಡವಾಗಿಯಾದರೂ ಫಲ ಕೊಟ್ಟಿದೆ.

ಮೊದಲು ನಮ್ಮ ಬೆಂಗಳೂರಿನ ಪ್ರಕರಣ. ಅದು ದಶಕಗಳ ಹುಡುಕಾಟವಲ್ಲ, ಮೂರೇ ವರ್ಷದ್ದು. ಆದರೂ ಮನೆಯವರ ಪಟ್ಟು ಹೇಗಿರಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿ 1991ರ ಮೇ ತಿಂಗಳ ಕೊನೆಯಲ್ಲಿ ರಿಚ್‌ಮಂಡ್ ರಸ್ತೆಯ ಮನೆಯಿಂದ ಕಾಣೆಯಾದರು. ಅವರ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನಿಂದ ಓಡಾಡುತ್ತಿದ್ದ ಮುರಳಿ ಮನೋಹರ ಮಿಶ್ರಾ, ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿದ. ಮುಂಬಯಿಯಲ್ಲಿದ್ದ ಮಗಳು ತಾಯಿ ಎಲ್ಲಿ ಎಂದು ಫೋನಿನ ಮೇಲೆ ಫೋನು ಮಾಡಿದಳು. ತಾಯಿ ಅಮೆರಿಕದ ಆಸ್ಪತ್ರೆಯೊಂದರಲ್ಲಿದ್ದಾಳೆ ಎಂದ. ಆಕೆ ಆ ಆಸ್ಪತ್ರೆಯಲ್ಲಿ ವಿಚಾರಿಸಿದಳು. ಅಂಥ ಹೆಸರಿನವರು ಅಲ್ಲಿ ದಾಖಲಾಗಿರಲಿಲ್ಲ. ಮುಂದೆ ಅವನು ಮುಂಬಯಿಯಲ್ಲಿ ಇಳಿದುಕೊಂಡಿದ್ದ ಹೋಟೆಲಿನಲ್ಲಿ ತಾಯಿಯ ಪಾಸ್‌ಪೋರ್ಟೇ ಆಕೆಯ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟು ಇಲ್ಲಿರುವಾಗ ತಾಯಿ ಅಮೆರಿಕಕ್ಕೆ ಹೋದದ್ದು ಹೇಗೆ? 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಹೋಯಿತು. 1994ರ ಮಾರ್ಚ್ ಕೊನೆಯಲ್ಲಿ ಅದೇ ಮನೆಯ ಅಂಗಳ ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. 2005ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ, ಶಿಕ್ಷೆಯಲ್ಲಿ ಯಾವ ರಿಯಾಯಿತಿಯೂ ಇಲ್ಲದೆ ಸಾಯುವತನಕ ಜೈಲು ಎಂದಿತು.

ಇಲ್ಲಿ ಮಗಳು ಪತ್ತೇದಾರಿಣಿಯಾಗಲಿಲ್ಲ. ಅಂಗಳ ಅಗೆದದ್ದು ಪೊಲೀಸರು, ಪರೀಕ್ಷೆ ಮಾಡಿದ್ದು ಪ್ರಯೋಗಾಲಯ. ಆಕೆ ಮಾಡಿದ್ದು ಒಂದೇ: ಹೇಳಿದ ಪ್ರತಿ ಮಾತನ್ನೂ ಪರೀಕ್ಷಿಸಿದಳು, ಸುಳ್ಳು ಎಂದು ಗೊತ್ತಾದದ್ದನ್ನು ನೆನಪಿಟ್ಟುಕೊಂಡಳು, ಠಾಣೆಯ ಮೆಟ್ಟಿಲು ಹತ್ತಿದಳು. ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ಆಕೆಯ ಸಾಕ್ಷ್ಯಕ್ಕೆ ತೂಕ ಬಂದದ್ದು ಇದರಿಂದ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮರ್ಲಿ ಎವರ್ಸ್ ಅವರ ಹುಡುಕಾಟಕ್ಕೆ ಮೂವತ್ತು ವರ್ಷ ಹಿಡಿಯಿತು. ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಗಂಡ ಮೆಡ್ಗರ್ ಎವರ್ಸ್‌ರನ್ನು 1963ರ ಜೂನ್ 12ರಂದು ಜಾಕ್ಸನ್ ನಗರದ ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಯಾರು ಕೊಂದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಬೈರನ್ ಡಿ ಲಾ ಬೆಕ್‌ವಿತ್ ಎಂಬಾತನ ವಿಚಾರಣೆ 1964ರಲ್ಲಿ ಎರಡು ಸಲ ನಡೆಯಿತು. ಎರಡು ಸಲವೂ ಬರೀ ಬಿಳಿಯ ಗಂಡಸರೇ ಇದ್ದ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಅವನು ಮನೆಗೆ ಹೋದ. 1989ರಲ್ಲಿ ಆ ಊರಿನ ಪತ್ರಕರ್ತ ಜೆರ್ರಿ ಮಿಚೆಲ್ ಹಳೆಯ ಸರ್ಕಾರಿ ದಾಖಲೆಗಳನ್ನು ಕೆದಕಿ, ಜ್ಯೂರಿಗಳ ಹಿನ್ನೆಲೆ ಹುಡುಕಲು ರಾಜ್ಯದ ಒಂದು ಆಯೋಗವೇ ಆರೋಪಿಗೆ ನೆರವಾಗಿತ್ತು ಎಂದು ಬರೆದರು. ಪ್ರಕರಣ ಮತ್ತೆ ತೆರೆಯಬೇಕಾಯಿತು. ಆದರೆ ಕಡತವೇ ಇರಲಿಲ್ಲ! ವಿಚಾರಣೆಯ ನಡಾವಳಿ ಸರ್ಕಾರದ ಬಳಿ ಸಿಗಲಿಲ್ಲ. ಸಿಕ್ಕಿದ್ದು ಮರ್ಲಿ ಅವರ ಬಳಿ. ಮೊದಲನೆಯ ವಿಚಾರಣೆಯ ನಡಾವಳಿಯ ಪ್ರತಿಯನ್ನು ಆಕೆ ಅಷ್ಟು ವರ್ಷ ಜೋಪಾನ ಮಾಡಿದ್ದರು. ಕೊಲೆಗೆ ಬಳಸಿದ ಬಂದೂಕು ಸಿಕ್ಕಿದ ಜಾಗವನ್ನಂತೂ ಯಾರೂ ಊಹಿಸಲಾರರು: ಸರ್ಕಾರಿ ವಕೀಲರ ಮಾವ ನ್ಯಾಯಾಧೀಶರಾಗಿದ್ದವರು, ಅವರ ಮನೆಯಲ್ಲಿತ್ತು. 1994ರ ಫೆಬ್ರವರಿ 5ರಂದು ಬೆಕ್‌ವಿತ್‌ಗೆ ಶಿಕ್ಷೆಯಾಯಿತು. ಗಂಡ ಸತ್ತಾಗ ಮರ್ಲಿಗೆ 30 ವರ್ಷ. ತೀರ್ಪು ಬರುವ ಹೊತ್ತಿಗೆ ಅರವತ್ತು ದಾಟಿತ್ತು.

ಇದಕ್ಕಿಂತ ದೊಡ್ಡ ಪಾಠ ದಕ್ಷಿಣ ಆಫ್ರಿಕದ್ದು. ಸಾವಿಗೆ ಸರ್ಕಾರ ಕೊಟ್ಟ ಕಾರಣವನ್ನೇ ಅಲ್ಲಿ ಮನೆಯವರು ಸುಳ್ಳೆಂದು ಸಾಧಿಸಿದರು. ಅಹ್ಮದ್ ಟಿಮೋಲ್ ಭಾರತ ಮೂಲದ ಕುಟುಂಬದ ಯುವಕ, ಶಾಲಾ ಮೇಷ್ಟ್ರು, ವರ್ಣಭೇದದ ವಿರುದ್ಧ ಗುಪ್ತವಾಗಿ ಕೆಲಸ ಮಾಡುತ್ತಿದ್ದವರು. 1971ರ ಅಕ್ಟೋಬರ್ 22ರ ರಾತ್ರಿ ಜೊಹಾನ್ಸ್‌ಬರ್ಗ್‌ನಲ್ಲಿ ಪೊಲೀಸರು ಕಾರು ತಡೆದು ಅವರನ್ನೂ ಜೊತೆಗಿದ್ದ ಸಲೀಂ ಎಸ್ಸೋಪ್‌ರನ್ನೂ ಹಿಡಿದರು. ಐದು ದಿನದ ಮೇಲೆ, ಅಕ್ಟೋಬರ್ 27ರಂದು, ಜಾನ್ ವೋರ್‌ಸ್ಟರ್ ಸ್ಕ್ವೇರ್ ಪೊಲೀಸ್ ಕಚೇರಿಯ ಕೆಳಗೆ ಟಿಮೋಲ್ ಹೆಣವಾಗಿ ಬಿದ್ದಿದ್ದರು. ಹತ್ತನೆಯ ಮಹಡಿಯ 1026ನೇ ಕೋಣೆಯ ಕಿಟಕಿಯಿಂದ ತಾನೇ ಹಾರಿದ ಎಂದರು ಪೊಲೀಸರು. 1972ರ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟ್ ಆತ್ಮಹತ್ಯೆ ಎಂದು ಷರಾ ಬರೆದರು. ಕಾಗದದ ಮೇಲೆ ಅಲ್ಲಿಗೆ ಮುಗಿಯಿತು.

1996ರಲ್ಲಿ ತಾಯಿ ಹವಾ ಟಿಮೋಲ್ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಬಂದು ಮಗನ ಬಗ್ಗೆ ಹೇಳಿಕೊಂಡರು. ಅಹ್ಮದರ ಸೋದರಿಯ ಮಗ ಇಮ್ತಿಯಾಜ್ ಕಾಜಿ ಸೋದರಮಾವ ಸತ್ತಾಗ ಇನ್ನೂ ಪುಟ್ಟವನು. ದೊಡ್ಡವನಾದ ಮೇಲೆ ಆತ ಮಾವನ ಬದುಕನ್ನೂ ಸಾವನ್ನೂ ಹುಡುಕಿಕೊಂಡು ಹೊರಟ. 2005ರಲ್ಲಿ ಪುಸ್ತಕ ಬಂತು. ಪುಸ್ತಕವಾಯಿತಲ್ಲ ಎಂದು ಆತ ಸುಮ್ಮನಾಗಲಿಲ್ಲ. ಸರ್ಕಾರಿ ವಕೀಲರ ಕಚೇರಿಗೆ ಅಲೆದ, ವಕೀಲರನ್ನು ಕಲೆಹಾಕಿದ, ಹಳೆಯ ಶವಪರೀಕ್ಷೆಯ ವರದಿಯನ್ನು ಹೊಸ ತಜ್ಞರ ಮುಂದಿಟ್ಟ, ಬದುಕಿದ್ದ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಹುಡುಕಿದ. 2017ರಲ್ಲಿ ವಿಚಾರಣೆ ಮತ್ತೆ ತೆರೆಯಿತು.

ಅಲ್ಲಿ ಬಂದ ಸಾಕ್ಷ್ಯ ನೋಡಿ. ಟಿಮೋಲ್ ಮಧ್ಯಾಹ್ನದ ಮೇಲೆ ಹಾರಿದರೆಂದು ಪೊಲೀಸರು ಹೇಳಿದ್ದರು. ದೇಹ ಬೀಳುವುದನ್ನು ತಾನು ಬೆಳಗ್ಗೆ ಕಂಡೆ ಎಂದು ಆ ದಿನಗಳಲ್ಲಿ ಎಳೆಯ ವಕೀಲನಾಗಿದ್ದವರೊಬ್ಬರು ಬಂದು ಹೇಳಿದರು. ತಲೆಬುರುಡೆ ಮತ್ತು ದವಡೆಯ ಗಾಯಗಳು ಬೀಳುವ ಮೊದಲೇ ಆಗಿದ್ದವು, ಆ ಸ್ಥಿತಿಯಲ್ಲಿದ್ದ ಮನುಷ್ಯ ಓಡಿಹೋಗಿ ಕಿಟಕಿ ಹಾರುವುದು ಸಾಧ್ಯವಿರಲಿಲ್ಲ ಎಂದು ವೈದ್ಯರು ವಿವರಿಸಿದರು. ಸಲೀಂ ಎಸ್ಸೋಪ್ ತಮಗೆ ಕೊಟ್ಟ ಹಿಂಸೆಯನ್ನು ನಲವತ್ತಾರು ವರ್ಷದ ಮೇಲೆ ಮತ್ತೆ ನೆನೆದು ಹೇಳಿದರು. 2017ರ ಅಕ್ಟೋಬರ್ 12ರಂದು ನ್ಯಾಯಮೂರ್ತಿ ಬಿಲ್ಲಿ ಮೋಥ್ಲೆ ತೀರ್ಪು ಕೊಟ್ಟರು: ಟಿಮೋಲ್ ಹಾರಲಿಲ್ಲ, ತಳ್ಳಿ ಕೊಂದರು. ಆ ಕೋಣೆಯಲ್ಲಿದ್ದೆನೆಂದು ತಾನೇ ಹೇಳಿಕೊಂಡಿದ್ದ ಜೋವಾ ರೋಡ್ರಿಗಸ್ ಮೇಲೆ 2018ರಲ್ಲಿ ಕೊಲೆಯ ಆರೋಪ ಹೊರಿಸಲಾಯಿತು. ವಿಚಾರಣೆ ಶುರುವಾಗುವ ಮೊದಲೇ, 2021ರಲ್ಲಿ, ಆತ ತೀರಿಕೊಂಡ.

ಶಿಕ್ಷೆ ಆಗಲಿಲ್ಲವಲ್ಲ, ಏನು ಬಂತು ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆತ್ಮಹತ್ಯೆ ಎಂಬ ಸರ್ಕಾರಿ ಷರಾ ಅಳಿಸಿಹೋಯಿತು. ಅದೇ ದಾರಿ ಹಿಡಿದು ಅದೇ ಕಟ್ಟಡದಲ್ಲಿ 1982ರಲ್ಲಿ ಸತ್ತ ನೀಲ್ ಆಗೆಟ್ ಅವರ ಪ್ರಕರಣವೂ ತೆರೆಯಿತು. ಅದೂ ಆತ್ಮಹತ್ಯೆಯಲ್ಲ, ಕೊಲೆ ಎಂದು 2022ರಲ್ಲಿ ತೀರ್ಪಾಯಿತು. ಒಬ್ಬ ಸೋದರಳಿಯನ ಹಟ ಬೇರೆ ಮನೆಗಳ ಬಾಗಿಲನ್ನೂ ತೆರೆದದ್ದು ಹೀಗೆ.

ಕಡತವೇ ಕಳೆದುಹೋದರೆ? ಮೆಕ್ಸಿಕೋದ ಲೇಖಕಿ ಕ್ರಿಸ್ಟಿನಾ ರಿವೇರಾ ಗಾರ್ಸಾಗೆ ಆದದ್ದು ಅದೇ. ತಂಗಿ ಲಿಲಿಯಾನಾ ವಾಸ್ತುಶಿಲ್ಪ ಓದುತ್ತಿದ್ದ ಇಪ್ಪತ್ತು ವರ್ಷದ ಹುಡುಗಿ. 1990ರ ಜುಲೈ 16ರಂದು ಮೆಕ್ಸಿಕೋ ನಗರದಲ್ಲಿ ಕೊಲೆಯಾದಳು. ಹಳೆಯ ಪ್ರೇಮಿಯ ಮೇಲೆ ವಾರಂಟು ಹೊರಟಿತು, ಅವನು ಓಡಿಹೋದ, ಸಿಗಲಿಲ್ಲ. ಮನೆಯವರು ದುಃಖಕ್ಕೂ ಜನ ಏನಂದಾರೋ ಎಂಬ ಅಂಜಿಕೆಗೂ ಬಾಯಿ ಕಟ್ಟಿ ಕುಳಿತರು. 2019ರಲ್ಲಿ ಅಕ್ಕ ಕಚೇರಿಗೆ ಹೋಗಿ ಕಡತ ಕೇಳಿದರೆ ಕಡತವಿಲ್ಲ. ಆಗ ಆಕೆ ಮನೆಯಲ್ಲಿ ಮೂವತ್ತು ವರ್ಷ ಮುಟ್ಟದೆ ಇಟ್ಟಿದ್ದ ತಂಗಿಯ ಪೆಟ್ಟಿಗೆಗಳನ್ನು ತೆರೆದಳು. ನೋಟು ಪುಸ್ತಕ, ಕಾಗದ, ಚೀಟಿ. ಗೆಳತಿಯರನ್ನು ಹುಡುಕಿ ಮಾತಾಡಿಸಿದಳು. ಸರ್ಕಾರದ ಕಡತ ಕೊಲೆಯಾದ ಹುಡುಗಿಯೊಬ್ಬಳ ಬಗ್ಗೆ ಇತ್ತು. ಅಕ್ಕ ಕಟ್ಟಿದ ಕಡತದಲ್ಲಿ ಬದುಕಿದ್ದ ಲಿಲಿಯಾನಾ ಬಂದಳು. 2021ರಲ್ಲಿ ಬಂದ ಆ ಪುಸ್ತಕದ ಇಂಗ್ಲಿಷ್ ರೂಪಕ್ಕೆ 2024ರ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು.

ಹೀಗೆ ಹೇಳುತ್ತಾ ಹೋದರೆ ಮನೆಯವರ ತನಿಖೆ ಎಂದರೆ ಸತ್ಯವೇ ಎಂದಾಗಿಬಿಡುತ್ತದೆ. ಹಾಗಲ್ಲ. ರಕ್ತಸಂಬಂಧ ಹುಡುಕುವ ಶಕ್ತಿ ಕೊಡುತ್ತದೆ, ಕಣ್ಣಿಗೆ ಪಟ್ಟಿಯನ್ನೂ ಕಟ್ಟುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿ ಜೇನ್ ಮಿಕ್ಸರ್ 1969ರ ಮಾರ್ಚ್‌ನಲ್ಲಿ ಕೊಲೆಯಾದಳು. ಆ ಕಾಲದಲ್ಲಿ ಅಲ್ಲಿ ಸಾಲು ಸಾಲಾಗಿ ಹುಡುಗಿಯರ ಕೊಲೆ ನಡೆದಿತ್ತು, ಒಂದು ಕೊಲೆಗೆ ಒಬ್ಬ ಯುವಕನಿಗೆ ಶಿಕ್ಷೆಯೂ ಆಗಿತ್ತು. ಜೇನ್‌ಳನ್ನು ಕೊಂದವನೂ ಅವನೇ ಎಂದು ಊರಿನವರಂತೆ ಮನೆಯವರೂ ಮೂವತ್ತೈದು ವರ್ಷ ನಂಬಿದ್ದರು. ಅಕ್ಕನ ಮಗಳು, ಕವಿ ಮ್ಯಾಗಿ ನೆಲ್ಸನ್, ಚಿಕ್ಕಮ್ಮನ ಬಗ್ಗೆ ಒಂದು ಪುಸ್ತಕ ಬರೆದು ಮುಗಿಸುವ ಹೊತ್ತಿಗೆ, 2004ರ ಕೊನೆಯಲ್ಲಿ, ಪೊಲೀಸರಿಂದ ಸುದ್ದಿ ಬಂತು: ಡಿಎನ್‌ಎ ಬೇರೊಬ್ಬನತ್ತ, ನಿವೃತ್ತ ಆಸ್ಪತ್ರೆ ನರ್ಸ್ ಒಬ್ಬನತ್ತ, ಬೊಟ್ಟು ಮಾಡುತ್ತಿದೆ. 2005ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಅಲ್ಲಿಗೆ ನಿರಾಳವಾಗಬೇಕಿತ್ತು. ಆದರೆ ಜೇನ್‌ಳ ಕೈಮೇಲಿದ್ದ ಒಂದು ಹನಿ ರಕ್ತ ಮೂರನೆಯವನೊಬ್ಬನ ಡಿಎನ್‌ಎಗೆ ತಾಳೆಯಾಗಿತ್ತು. 1969ರಲ್ಲಿ ಅವನಿಗೆ ನಾಲ್ಕು ವರ್ಷ! ಅವನ ಮಾದರಿಯೂ ಜೇನ್ ಪ್ರಕರಣದ ಮಾದರಿಗಳೂ ಒಂದೇ ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಪರೀಕ್ಷೆಯಾಗಿದ್ದವು, ಒಂದರ ಅಂಶ ಇನ್ನೊಂದಕ್ಕೆ ಸೇರಿಕೊಂಡಿದೆ ಎಂದು ಆರೋಪಿಯ ವಕೀಲರು ವಾದಿಸಿದರು. ಜ್ಯೂರಿ ಒಪ್ಪಲಿಲ್ಲ. ಹಳೆಯ ಪ್ರಕರಣಕ್ಕೆ ಡಿಎನ್‌ಎ ದೇವರು ಕೊಟ್ಟ ವರ ಎಂಬಂತೆ ಮಾತಾಡುವವರು ಆ ಹನಿ ರಕ್ತವನ್ನು ಮರೆಯಬಾರದು.

ಜೇಮ್ಸ್ ಎಲ್ರಾಯ್ ಕಥೆ ಇನ್ನೊಂದು ಬಗೆಯದು. 1958ರ ಜೂನ್ 22ರಂದು ಲಾಸ್ ಏಂಜಲೀಸ್ ಹತ್ತಿರದ ಎಲ್ ಮಾಂಟೆಯಲ್ಲಿ ಆತನ ತಾಯಿಯ ಹೆಣ ಸಿಕ್ಕಿತು. ಹುಡುಗನಿಗೆ ಹತ್ತು ವರ್ಷ. ಬೇರೆಯಾಗಿದ್ದ ಅಪ್ಪ ಅಮ್ಮನ ಬಗ್ಗೆ ಸದಾ ಕೆಟ್ಟದ್ದನ್ನೇ ಹೇಳಿಕೊಟ್ಟಿದ್ದ. ತಾಯಿ ಸತ್ತಾಗ ತನಗೆ ಒಳಗೊಳಗೇ ಬಿಡುಗಡೆ ಅನ್ನಿಸಿತ್ತು ಎಂದು ಆತ ಮುಂದೆ ಮುಚ್ಚುಮರೆಯಿಲ್ಲದೆ ಬರೆದ. ಅಪರಾಧ ಕಾದಂಬರಿಗಳಿಂದ ಹೆಸರು ಮಾಡಿದ ಮೇಲೆ, 1994ರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಪತ್ತೇದಾರ ಬಿಲ್ ಸ್ಟೋನರ್ ಜೊತೆ ಸೇರಿ ಕಡತ ತೆರೆದ. ಒಂದು ವರ್ಷಕ್ಕೂ ಹೆಚ್ಚು ಅಲೆದರು. ಕೊಂದವನು ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದು ತಾಯಿ ಹುಟ್ಟಿದ ಊರು, ಆಕೆಯ ಬಂಧುಗಳು, ಅಪ್ಪ ಹೇಳಿದ್ದಕ್ಕಿಂತ ಬೇರೆಯೇ ಆದ ಒಬ್ಬ ಹೆಂಗಸು. ಇದನ್ನು ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಮ್ಮ ಕಡೆಗೆ. ನಮ್ಮಲ್ಲಿ ಹಳೆಯ ಕೊಲೆಯ ಹಿಂದೆ ಎಷ್ಟೋ ಸಲ ಜಮೀನಿನ ಬದು ಇರುತ್ತದೆ, ಆಸ್ತಿಯ ಹಿಸ್ಸೆ ಇರುತ್ತದೆ, ಸೊಸೆಯ ತವರಿನಿಂದ ಬರಬೇಕಿದ್ದ ಹಣ ಇರುತ್ತದೆ. ಸತ್ತವರೂ ಮನೆಯವರು, ಗುಮಾನಿ ಇರುವುದೂ ಮನೆಯವರ ಮೇಲೆ. ದೊಡ್ಡಪ್ಪನನ್ನು ಕೇಳಬೇಕಾದ ಪ್ರಶ್ನೆಯನ್ನು ದೊಡ್ಡಪ್ಪನ ಮೊಮ್ಮಗನ ಮದುವೆಯಲ್ಲಿ ಯಾರು ಕೇಳುತ್ತಾರೆ? ‘ಸತ್ತವರು ಸತ್ತರು, ಇದ್ದವರ ಬಾಳು ನೋಡಿ’ ಎಂದು ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ಪ್ರೀತಿಯೂ ಇರುತ್ತದೆ, ಹೆದರಿಕೆಯೂ ಇರುತ್ತದೆ. ಠಾಣೆಗಿಂತ ಮೊದಲು ಈ ಮೌನವನ್ನು ದಾಟಬೇಕು. ಹಾಗೆಂದು ಗುಮಾನಿಯನ್ನೇ ತೀರ್ಪು ಮಾಡಿಕೊಂಡು ಬೀದಿಯಲ್ಲಿ ಹೆಸರು ಕೂಗುವುದೂ ಅನ್ಯಾಯವೇ.

ಖುಲಾಸೆಯಾದ ಪ್ರಕರಣದ ಸಂಕಟ ಬೇರೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ 2012ರಲ್ಲಿ ಕೊಲೆಯಾದ ಕಾಲೇಜು ಹುಡುಗಿಯ ಪ್ರಕರಣದಲ್ಲಿ ಆರೋಪಿಯನ್ನು 2023ರ ಜೂನ್‌ನಲ್ಲಿ ಬೆಂಗಳೂರಿನ ನ್ಯಾಯಾಲಯ ಬಿಡುಗಡೆ ಮಾಡಿತು. ಇವನು ಮಾಡಿದನೆಂದು ಸಾಬೀತಾಗಲಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ಯಾರು ಎಂಬ ಪ್ರಶ್ನೆ ಹನ್ನೊಂದು ವರ್ಷದ ಮೇಲೆ ಮತ್ತೆ ತಾಯಿಯ ಮಡಿಲಿಗೇ ಬಿತ್ತು. ಖುಲಾಸೆಯಾದೊಡನೆ ತನಿಖೆ ತಾನಾಗಿ ಮತ್ತೆ ಶುರುವಾಗುವ ಏರ್ಪಾಡು ನಮ್ಮಲ್ಲಿಲ್ಲ. ಇದು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇರುವ ದಾರಿಗಳನ್ನಾದರೂ ತಿಳಿದಿರಬೇಕು. ಪೊಲೀಸರು ಮುಕ್ತಾಯ ವರದಿ ಹಾಕಿದಾಗ ದೂರುದಾರರಿಗೆ ನೋಟಿಸು ಕೊಟ್ಟು, ಅವರ ಮಾತು ಕೇಳಿಯೇ ಮ್ಯಾಜಿಸ್ಟ್ರೇಟರು ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 1985ರ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆ ಭಗವಂತ್ ಸಿಂಗ್ ಯಾರು ಎಂದರೆ ಸುಟ್ಟ ಗಾಯದಿಂದ ಸತ್ತ ಮಗಳ ತಂದೆ. ದೂರು ಕೊಡದ ಬಂಧುವಿಗೆ ನೋಟಿಸಿನ ಹಕ್ಕಿಲ್ಲ, ಆದರೆ ತಾನಾಗಿ ಬಂದು ನಿಂತರೆ ಅವನ ಮಾತನ್ನೂ ಕೇಳಬಹುದು ಎಂದು ಅದೇ ತೀರ್ಪು ಹೇಳಿತು. ಹೊಸ ಸುಳಿವು ಸಿಕ್ಕರೆ ಹೆಚ್ಚಿನ ತನಿಖೆಗೆ ಹಿಂದೆ 173(8)ನೇ ಕಲಮು ಇತ್ತು, ಈಗ ಹೊಸ ಸಂಹಿತೆಯ 193(9) ಇದೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೋ ನೊಂದವರಿಗೋ ತಿಳಿಸಬೇಕೆಂದೂ ಹೊಸ ಸಂಹಿತೆ ಹೇಳುತ್ತದೆ.

ಹಳೆಯ ಪ್ರಕರಣದ ಮನೆಯವರಿಗೆ ಅತಿ ಉಪಯೋಗದ್ದು, ಅತಿ ಕಡಿಮೆ ಜನಕ್ಕೆ ಗೊತ್ತಿರುವುದು, 2005ರ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮು. ತನಿಖೆಗೆ ತೊಡಕಾಗುತ್ತದೆ ಎಂದು ಕಚೇರಿಗಳು ಕೊಡುವ ಉತ್ತರ 8(1)(ಎಚ್) ಉಪಕಲಮಿನದು. ಆದರೆ ಘಟನೆ ನಡೆದು ಇಪ್ಪತ್ತು ವರ್ಷ ಕಳೆದಿದ್ದರೆ ಆ ಕಾರಣ ನಡೆಯುವುದಿಲ್ಲ. ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಚಿವ ಸಂಪುಟದ ಕಾಗದ ಈ ಮೂರು ಬಗೆಯ ವಿನಾಯಿತಿಗಳು ಮಾತ್ರ ಉಳಿಯುತ್ತವೆ. ಹಳ್ಳಿಯ ಬಾವಿಯಲ್ಲಿ ಸತ್ತ ಅತ್ತೆಯ ಶವಪರೀಕ್ಷೆ ವರದಿ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳ ನೋಡಿ. 1992ರ ಮಾರ್ಚ್ 27ರಂದು ಕೊಟ್ಟಾಯಂನ ಕಾನ್ವೆಂಟಿನ ಬಾವಿಯಲ್ಲಿ ಸಿಸ್ಟರ್ ಅಭಯಾ ಹೆಣವಾಗಿ ಸಿಕ್ಕಿದರು. ಸ್ಥಳೀಯ ಪೊಲೀಸರು ಆತ್ಮಹತ್ಯೆ ಎಂದರು, ಕ್ರೈಂ ಬ್ರಾಂಚೂ ಹಾಗೇ ಎಂದಿತು. ಆಕೆಯ ಬಟ್ಟೆಬರೆಯಂಥ ವಸ್ತುಗಳು ನಾಶವಾದವು. ಸಿಬಿಐ ಕೈ ಚೆಲ್ಲಲು ಹೋದಾಗ ನ್ಯಾಯಾಲಯ ಒಪ್ಪದೆ ಮತ್ತೆ ಮತ್ತೆ ವಾಪಸು ಕಳಿಸಿತು. 2020ರ ಡಿಸೆಂಬರ್‌ನಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. 2022ರಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಭಯಾರ ತಂದೆ ತಾಯಿ ಇಬ್ಬರೂ 2016ರಲ್ಲೇ ತೀರಿಕೊಂಡಿದ್ದರು.

ನಿಮ್ಮ ಮನೆಯಲ್ಲೂ ಇಂಥ ಒಂದು ಸಾವಿದ್ದರೆ, ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ಈ ಮೂರನ್ನು ಮೊದಲು ಒಂದು ಹಾಳೆಯಲ್ಲಿ ಬರೆದಿಡಿ. ಎಫ್‌ಐಆರ್, ಮಹಜರು, ಶವಪರೀಕ್ಷೆ ವರದಿಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬಂದದ್ದರ ಎರಡು ಜೆರಾಕ್ಸ್ ಬೇರೆ ಬೇರೆ ಮನೆಯಲ್ಲಿಡಿ. ಸತ್ತವರ ಬಟ್ಟೆ ನಿಮ್ಮ ಬಳಿ ಉಳಿದಿದ್ದರೆ ಒಗೆಯಬೇಡಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಒಣ ಕಾಗದದಲ್ಲಿ ಸುತ್ತಿ ದಿನಾಂಕ ಬರೆಯಿರಿ. ಗುಮಾನಿ ಇರುವವರ ಮನೆ ಬಾಗಿಲಿಗೆ ನೀವೇ ಹೋಗಬೇಡಿ, ಅದು ಪೊಲೀಸರ ಕೆಲಸ. ಆ ದಿನ ಅಲ್ಲಿದ್ದ ಅಜ್ಜಿಯೋ ಅತ್ತೆಯೋ ಇನ್ನೂ ಇದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕುಳಿತು, ಉತ್ತರವನ್ನು ನೀವು ಸೂಚಿಸದೆ, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಿ.